ಪೆಟ್ಟಿಗೆಯ ಬೆನ್ನು

ವಾಲ್ವುಗಳ ಕಾಲದ ರೇಡಿಯೋ ಪೆಟ್ಟಿಗೆಗೆ ಎರಡು ಮುಖಗಳಿದ್ದುವು. ಮುಂದಿನ ಮುಖ ಸಂಸಾರಕ್ಕೆಲ್ಲ ಸೇರಿದುದು. ಹೊಳಪಿನ ಮರದ ಚೌಕಟ್ಟು, ಊರುಗಳ ಹೆಸರು ಬರೆದ ಗಾಜಿನ ಪಟ್ಟಿ, ಕೇಂದ್ರ ಸರಿಯಾಗಿ ಸಿಕ್ಕಿತೆಂದು ಸೂಚಿಸುವ ಹಸಿರು ಮಾಂತ್ರಿಕ ಕಣ್ಣು. ಪೆಟ್ಟಿಗೆಯ ತಲೆಯ ಮೇಲೆ ಮನೆಯ ಹೆಣ್ಣುಮಕ್ಕಳು ಹೆಣೆದ ಕಸೂತಿಯ ಹೊದಿಕೆ, ಅದರ ಮೇಲೊಂದು ಹೂದಾನಿ. ಹಿಂದಿನ ಮುಖವನ್ನು ಕಂಡವರು ಕಡಮೆ. ತೂತುಗಳಿದ್ದ ಕಂದು ರಟ್ಟಿನ ಹಲಗೆಯೊಂದನ್ನು ನಾಲ್ಕಾರು ತಿರುಪುಮೊಳೆಗಳಿಂದ ಬಿಗಿದಿರುತ್ತಿದ್ದರು, ಅಷ್ಟೆ. ಆ ಮೊಳೆಗಳನ್ನು ಬಿಚ್ಚುವ ಧೈರ್ಯವಿದ್ದವನು ಸಾಮಾನ್ಯವಾಗಿ ಮನೆಯ ಯಜಮಾನನಲ್ಲ. ಪರೀಕ್ಷೆಗೆ ಓದಬೇಕಾಗಿದ್ದ ಮಗ, ಇಲ್ಲವೇ ಮದುವೆಯಾಗದ ಚಿಕ್ಕಪ್ಪ. ಹಲಗೆಯನ್ನು ತೆಗೆದರೆ ಬಿಸಿಯಾದ ಧೂಳಿನ ವಾಸನೆ, ಗಾಜಿನ ಬುರುಡೆಗಳೊಳಗೆ ಕೆಂಡದಂತೆ ಮಿನುಗುವ ತಂತಿ, ನಡುವೆ ಒಂದು ಸತ್ತ ಜಿರಲೆ. ಮುಂದೆ ಕುಳಿತವರಿಗೆ ಅದು ಸಂಗೀತ; ಹಿಂದೆ ನಿಂತವನಿಗೆ ಅದೊಂದು ಪ್ರಶ್ನೆ.

ಸರಕಾರ, ಅಂಗಡಿ, ವಿಜ್ಞಾನಕಥೆ, ಈ ಮೂರಕ್ಕೂ ಪರಸ್ಪರ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಮೂರಕ್ಕೂ ಮನುಷ್ಯನನ್ನು ಪೆಟ್ಟಿಗೆಯ ಮುಂದೆ ಕೂರಿಸುವುದೇ ಇಷ್ಟ. ಅದರ ಬೆನ್ನಿನ ಕಡೆಗೆ ಹೋಗಿ ನಿಲ್ಲುವವನು ಹವ್ಯಾಸಿಯೊಬ್ಬನೇ.

ಸರಕಾರದ ವಿಷಯವನ್ನೇ ನೋಡಬಹುದು. ಹಣ ತೆತ್ತು ಪೆಟ್ಟಿಗೆಯನ್ನು ಮನೆಗೆ ತಂದ ಮಾತ್ರಕ್ಕೆ ಅದನ್ನು ಇಟ್ಟುಕೊಳ್ಳುವ ಅಧಿಕಾರ ಬರುತ್ತಿರಲಿಲ್ಲ. 1933ರ ನಿಸ್ತಂತು ಕಾಯಿದೆಯ ಮೇರೆಗೆ ಅದಕ್ಕೊಂದು ಲೈಸೆನ್ಸು ಬೇಕಾಗಿತ್ತು. ಅಂಚೆ ಕಚೇರಿಯ ಜಾಲರಿಯ ಮುಂದೆ ನಿಂತು, ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ, ಪುಟ್ಟ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕು. ಎಂಬತ್ತರ ದಶಕದ ನಡುಭಾಗದವರೆಗೂ ಈ ಪದ್ಧತಿ ನಡೆದುಬಂದಿತು. ಗಾಳಿಯಲ್ಲಿ ಹಾದುಹೋಗುವ ಧ್ವನಿಗೆ ಕಿವಿಗೊಡಲು ತೆರಿಗೆಯೇ ಎಂದು ಗೊಣಗದ ಗೃಹಸ್ಥನಿರಲಿಲ್ಲ. ಕಟ್ಟದೆ ಬಿಟ್ಟವರೂ ಇದ್ದರು. ಬಾಗಿಲಲ್ಲಿ ಅಪರಿಚಿತರು ಕಂಡಾಗ ಧ್ವನಿ ತಗ್ಗಿಸುವ ಕಲೆ ಅವರಿಗೆ ಚೆನ್ನಾಗಿ ತಿಳಿದಿತ್ತು.

ಕೇಳಬಹುದಾದುದನ್ನೂ ದಿಲ್ಲಿಯೇ ನಿರ್ಧರಿಸಬೇಕೆಂಬ ಕಾಲ ಒಂದು ಬಂದಿತು. 1952ರಲ್ಲಿ ಬಾಲಕೃಷ್ಣ ವಿಶ್ವನಾಥ ಕೇಸ್ಕರರು ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದರು. ಶಾಸ್ತ್ರೀಯ ಸಂಗೀತದಲ್ಲಿ ನಿಷ್ಠೆಯುಳ್ಳವರು. ಚಲನಚಿತ್ರ ಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆ ಎಂಬುದು ಅವರ ದೃಢವಾದ ನಂಬಿಕೆ. ಮೊದಲು ಆ ಗೀತೆಗಳ ವೇಳೆಗೆ ಕತ್ತರಿ ಬಿದ್ದಿತು. ಬಳಿಕ ಚಿತ್ರ ನಿರ್ಮಾಪಕರೊಡನೆ ವ್ಯಾಜ್ಯ. ಕಡೆಗೆ ಗೀತೆಗಳು ಆಕಾಶವಾಣಿಯಿಂದ ಮಾಯವಾದುವು. ಸಚಿವರಿಂದ ಒಳ್ಳೆಯದೂ ಆಯಿತೆಂಬುದನ್ನು ಮರೆಯಬಾರದು. ಅದೇ ವರ್ಷ ಮೊದಲಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದ, ಸಭೆಯ ಟಿಕೆಟ್ಟಿಗೆ ಹಣವಿಲ್ಲದವನ ಪಡಸಾಲೆಗೂ ದೊಡ್ಡ ವಿದ್ವಾಂಸರ ಕಚೇರಿ ಇಳಿದುಬಂದಿತು. ಆದರೆ ಸಂಗೀತವನ್ನು ಕಷಾಯದಂತೆ ಮೂಗು ಹಿಡಿದು ಕುಡಿಸಹೊರಟರೆ ಮಗು ಎದ್ದು ನೆರೆಮನೆಗೆ ಓಡುತ್ತದೆ. ನೆರೆಮನೆ ಯಾವುದು? ಸಿಲೋನು. ಯುದ್ಧಕಾಲದಲ್ಲಿ ಆಗ್ನೇಯ ಏಷ್ಯದ ಮಿತ್ರಪಡೆಗಳ ಸೈನಿಕರಿಗಾಗಿ ಅಲ್ಲಿ ನಿಲ್ಲಿಸಿದ್ದ ಪ್ರಬಲವಾದ ಪ್ರೇಷಕಯಂತ್ರ ಶಾಂತಿಕಾಲದಲ್ಲಿ ಹಿಂದೀ ಚಿತ್ರಗೀತೆಗಳನ್ನು ಹಾಡತೊಡಗಿತ್ತು. 1952ರ ಕೊನೆಯಲ್ಲಿ ಅಲ್ಲಿಂದ ‘ಬಿನಾಕಾ ಗೀತಮಾಲಾ’ ಮೊದಲಾಯಿತು. ಬುಧವಾರ ರಾತ್ರಿ ಎಂಟು ಗಂಟೆಗೆ ಅಮೀನ್ ಸಯಾನಿಯವರ ಧ್ವನಿ ಕೇಳಿಬಂದರೆ, ಹಿಂದಿಯ ಗಂಧವಿಲ್ಲದ ಮೈಸೂರು ಸೀಮೆಯ ಮನೆಗಳಲ್ಲಿಯೂ ಊಟದ ಎಲೆ ಕಾಯುತ್ತಿತ್ತು. ಯಾರೂ ಮೆರವಣಿಗೆ ತೆಗೆಯಲಿಲ್ಲ, ಮನವಿಪತ್ರಕ್ಕೆ ಸಹಿ ಹಾಕಲಿಲ್ಲ. ಗುಂಡಿಯನ್ನು ಅರ್ಧ ಅಂಗುಲ ತಿರುಗಿಸಿದರು. ಐದು ವರ್ಷಗಳ ತರುವಾಯ, 1957ರ ಅಕ್ಟೋಬರ್ 3ರಂದು, ಸರಕಾರವೇ ‘ವಿವಿಧ ಭಾರತಿ’ಯನ್ನು ಆರಂಭಿಸಬೇಕಾಯಿತು. ಸ್ವತಂತ್ರ ಭಾರತದಲ್ಲಿ ಪ್ರಜೆಗಳು ಇಷ್ಟು ಕಡಮೆ ಶ್ರಮದಿಂದ ಗೆದ್ದ ಹೋರಾಟ ಮತ್ತೊಂದಿರಲಾರದು. ಆ ಗೆಲವಿನ ಲಾಭದಲ್ಲಿ ಒಂದು ಪಾಲು ಹಲ್ಲುಜ್ಜುವ ಪೇಸ್ಟಿನ ಕಂಪೆನಿಗೆ ಹೋಯಿತೆಂಬುದು ಬೇರೆ ಮಾತು.

ಹೀಗೆ ಗುಂಡಿ ತಿರುಗಿಸಿದವರೂ ಪೆಟ್ಟಿಗೆಯ ಮುಂದೆ ಇದ್ದವರೇ. ಹಿಂದೆ ಹೋದವರ ಪೈಕಿ ಕನ್ನಡಿಗರು ನೆನೆಯಬೇಕಾದವರು ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು. ಅವರು ಎಂಜಿನಿಯರಲ್ಲ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ, ಮೂವತ್ತು ವಾಟಿನ ಪ್ರೇಷಕಯಂತ್ರವೊಂದರ ನೆರವಿನಿಂದ, ಪ್ರಸಾರವನ್ನು ಆರಂಭಿಸಿದರು. ಮೂವತ್ತು ವಾಟು ಎಂದರೆ ಆ ದಿನಗಳ ಸಣ್ಣದೊಂದು ದೀಪದ ಬುರುಡೆಯಷ್ಟು ಶಕ್ತಿ. ಆ ಬುರುಡೆಯ ಬೆಳಕಿಗೆ ಇಟ್ಟ ಹೆಸರು ‘ಆಕಾಶವಾಣಿ’. ದಿಲ್ಲಿಯ ಸರಕಾರ ಐವತ್ತರ ದಶಕದಲ್ಲಿ ದೇಶದ ಪ್ರಸಾರಕ್ಕೆಲ್ಲ ಆ ಹೆಸರನ್ನೇ ಎತ್ತಿಕೊಂಡಿತು. ಮನುಷ್ಯನ ಮನಸ್ಸನ್ನು ಬಿಚ್ಚಿ ನೋಡುವ ವೃತ್ತಿಯವರಿಗೆ ಯಂತ್ರದ ಬೆನ್ನು ಬಿಚ್ಚುವುದು ಅಷ್ಟೇನೂ ಅಸಹಜವಾಗಿ ಕಂಡಿರಲಾರದು.

ಇಂಥ ಹವ್ಯಾಸಿಗಳ ನಡುವೆಯೇ ವಿಜ್ಞಾನಕಥೆಯ ಪತ್ರಿಕೆಯೂ ಹುಟ್ಟಿತೆಂದರೆ ಆಶ್ಚರ್ಯವಾದೀತು. ಲಕ್ಸೆಂಬರ್ಗಿನಲ್ಲಿ ಹುಟ್ಟಿದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬ ತರುಣ 1904ರಲ್ಲಿ ಅಮೆರಿಕಕ್ಕೆ ಹೋಗಿ, ನಿಸ್ತಂತು ಯಂತ್ರಗಳನ್ನೂ ಅವುಗಳ ಬಿಡಿಭಾಗಗಳನ್ನೂ ಅಂಚೆಯ ಮೂಲಕ ಮಾರತೊಡಗಿದ. ಇಷ್ಟು ಅಗ್ಗದ ಬೆಲೆಗೆ ನಿಸ್ತಂತು ಯಂತ್ರವೆಂದರೆ ಮೋಸವೇ ಇರಬೇಕೆಂದು ಯಾರೋ ದೂರಿತ್ತರಂತೆ. ವಿಚಾರಣೆಗಾಗಿ ಪೋಲೀಸಿನವನೊಬ್ಬ ಅಂಗಡಿಗೆ ಬಂದನಂತೆ. ಯಂತ್ರ ಕೆಲಸ ಮಾಡುವುದನ್ನು ಕಣ್ಣಾರೆ ತೋರಿಸಿದ ಮೇಲೂ ಅವನ ಸಂದೇಹ ಹೋಗಲಿಲ್ಲ. ತಂತಿಯಿಲ್ಲದ ಯಂತ್ರವೆಂದು ಜಾಹೀರಾತು ಹೇಳುತ್ತದೆ, ಹಾಗಿದ್ದರೆ ಇಲ್ಲಿ ಇಷ್ಟೊಂದು ತಂತಿಗಳೇಕೆ ಎಂಬುದು ಅವನ ಪ್ರಶ್ನೆ. ಗರ್ನ್ಸ್‌ಬ್ಯಾಕನೇ ಹೇಳಿಕೊಂಡಿರುವ ಕಥೆ ಇದು; ಸ್ವಲ್ಪ ಉಪ್ಪುಖಾರ ಬೆರೆತಿದ್ದೀತು. ಆದರೆ ಗಿರಾಕಿಯ ಪರವಾಗಿ ಯಾರಾದರೂ ಕೇಳಿದ ಪ್ರಶ್ನೆಗಳಲ್ಲಿ ಅದಕ್ಕಿಂತ ನ್ಯಾಯವಾದುದು ಅಪರೂಪ. ಬಿಡಿಭಾಗಗಳ ಮಾರಾಟಕ್ಕೆ ಒತ್ತಾಸೆಯಾಗಿ ಅವನು 1908ರಲ್ಲಿ ಹವ್ಯಾಸಿಗಳಿಗೊಂದು ಪತ್ರಿಕೆಯನ್ನು ತೆರೆದ. 1911ರಲ್ಲಿ ಅದರಲ್ಲಿ ತಾನೇ ಒಂದು ಭವಿಷ್ಯದ ಕಥೆಯನ್ನು ಧಾರಾವಾಹಿಯಾಗಿ ಬರೆದ. 1926ರ ಏಪ್ರಿಲಿನಲ್ಲಿ ಇಂಥ ಕಥೆಗಳಿಗೇ ಮೀಸಲಾದ ‘ಅಮೇಜಿಂಗ್ ಸ್ಟೋರೀಸ್’ ಮಾಸಪತ್ರಿಕೆಯನ್ನು ಹೊರತಂದ.

ಅಂಗಡಿಯ ಹಿತ್ತಿಲಲ್ಲಿ ಹುಟ್ಟಿದ ಈ ಸಾಹಿತ್ಯ ದೊಡ್ಡದಾದ ಮೇಲೆ ಹಿತ್ತಿಲನ್ನು ಮರೆತುಬಿಟ್ಟಿತು. ಅದರ ಆಕಾಶನೌಕೆಗಳು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುತ್ತವೆ. ಯಾವ ನಾವಿಕನೂ ಗ್ಯಾಸ್ಕೆಟ್ಟಿಗಾಗಿ ಮೂರು ತಿಂಗಳು ಕಾಯುವುದಿಲ್ಲ. ಯಾವ ಗ್ರಹದಲ್ಲಿಯೂ ರಸೀದಿ ತಂದಿದ್ದೀರಾ ಎಂದು ಕೇಳುವವರಿಲ್ಲ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ಈ ಪ್ರಕಾರವನ್ನು ಶ್ರದ್ಧೆಯಿಂದ ಬೆಳೆಸಿದ ಮೇಲೂ, ಸಾಮಾನ್ಯ ಗೃಹಸ್ಥನಿಗೆ ವಿಜ್ಞಾನಕಥೆ ಕೊಂಚ ದೂರವಾಗಿಯೇ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಅವನು ದಿನವೂ ಕಾಣುವ ಭವಿಷ್ಯದಲ್ಲಿ ಕಾಯುವಿಕೆಯೇ ಮುಖ್ಯ ಪಾತ್ರ. ಈಗಿನ ಅವನ ಪೆಟ್ಟಿಗೆ ಅಂಗೈಯಗಲದ ದೂರವಾಣಿ. ಅದರಲ್ಲಿ ರೇಡಿಯೋ, ಸಿನಿಮಾ, ಬ್ಯಾಂಕು, ಸಂತೆ ಎಲ್ಲವೂ ಇವೆ. ಬೆನ್ನು ಮಾತ್ರ ಇಲ್ಲ. ಹಿಂಬದಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ. ಅದು ಕೆಟ್ಟರೆ ಸೇವಾ ಕೇಂದ್ರಕ್ಕೆ ಕರೆ, ಕನ್ನಡಕ್ಕಾಗಿ ಇಂಥ ಅಂಕಿಯನ್ನು ಒತ್ತಿರಿ, ದೂರಿಗಾಗಿ ಮತ್ತೊಂದನ್ನು ಒತ್ತಿರಿ, ಅನಂತರ ಸಂಗೀತ. ಕೇಸ್ಕರರು ನಿಲ್ಲಿಸಿದಾಗ ಸಿಲೋನಿನವರೆಗೆ ಅಟ್ಟಿಸಿಕೊಂಡು ಹೋದ ಹಾಡನ್ನು ಈಗ ಯಾರಾದರೂ ನಿಲ್ಲಿಸಬಾರದೇ ಎಂದು ಮೊರೆಯಿಡುವ ಸ್ಥಿತಿ! 1986ರಲ್ಲಿ ಗ್ರಾಹಕ ಸಂರಕ್ಷಣೆಯ ಕಾಯಿದೆ ಬಂದಿತು, 2019ರಲ್ಲಿ ಅದರ ಸ್ಥಾನಕ್ಕೆ ಹೊಸದೊಂದು. ಕಾಯಿದೆ ಗಿರಾಕಿಯ ಹಣವನ್ನು ಹಿಂದಕ್ಕೆ ಕೊಡಿಸಬಲ್ಲುದು. ಹಲಗೆ ಬಿಚ್ಚಿ ಒಳಗೆ ನೋಡಿದವನ ಮುಖದಲ್ಲಿರುತ್ತಿದ್ದ ಕಳೆಯನ್ನು ಯಾವ ನ್ಯಾಯಾಲಯ ಕೊಡಿಸೀತು? ಬೆಂಗಳೂರಿನ ಎಸ್. ಪಿ. ರಸ್ತೆಯ ಕಿರಿದಾದ ಮಳಿಗೆಗಳಲ್ಲಿ ರೆಸಿಸ್ಟರುಗಳನ್ನು ಬೀಜದ ಕಾಳಿನಂತೆ ಎಣಿಸಿ ಕೊಂಡೊಯ್ಯುವ ಹುಡುಗರಲ್ಲಿ ಆ ಕಳೆ ಇನ್ನೂ ಕಾಣಸಿಗುತ್ತದೆ.

ಎಲ್ಲ ಕಥೆಗಾರರೂ ಬಿಡಿಭಾಗವನ್ನು ಮರೆತರೆಂದರೆ ಅನ್ಯಾಯವಾದೀತು. 1895ರಲ್ಲಿ ಎಚ್. ಜಿ. ವೆಲ್ಸ್ ಬರೆದ ಕಾಲಯಂತ್ರದ ಕಾದಂಬರಿಯಲ್ಲಿ ಒಂದು ಮಾತು ಬರುತ್ತದೆ. ಅವಸರದಲ್ಲಿ ಓದುವವರ ಕಣ್ಣಿಗೆ ಬೀಳುವುದಿಲ್ಲ. ಯಂತ್ರ ಹೇಳಿದ ದಿನಕ್ಕೆ ಸಿದ್ಧವಾಗಲಿಲ್ಲ. ಏಕೆಂದರೆ ಅದರ ನಿಕಲ್ ಕಂಬಿಗಳಲ್ಲೊಂದು ಸರಿಯಾಗಿ ಒಂದು ಅಂಗುಲ ಗಿಡ್ಡವಾಗಿತ್ತು, ಅದನ್ನು ಮತ್ತೆ ಮಾಡಿಸಬೇಕಾಯಿತು. ಎಂಟು ಲಕ್ಷ ವರ್ಷಗಳಾಚೆಗೆ ಹಾರಲು ಹೊರಟವನೂ ಒಂದು ಅಂಗುಲಕ್ಕಾಗಿ ಕಮ್ಮಾರನನ್ನು ಕಾದನಲ್ಲ, ಈ ಒಂದು ವಾಕ್ಯದಿಂದ ಕಥೆಯ ಉಳಿದ ಅಸಂಭವಗಳೆಲ್ಲ ನಂಬಲರ್ಹವಾಗಿಬಿಡುತ್ತವೆ.

ಇನ್ನೊಬ್ಬನು ಆರ್ಥರ್ ಸಿ. ಕ್ಲಾರ್ಕ್. 1945ರ ಅಕ್ಟೋಬರಿನಲ್ಲಿ, ಕಥೆಯಾಗಿ ಅಲ್ಲ, ರೇಡಿಯೋ ಪತ್ರಿಕೆಯೊಂದರ ಲೇಖನವಾಗಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಮೂರು ಠಾಣೆಗಳನ್ನು ನಿಲ್ಲಿಸಿದರೆ ಇಡೀ ಭೂಮಿಗೆ ಪ್ರಸಾರ ಮುಟ್ಟುವುದೆಂದು ತೋರಿಸಿದ. ಆ ಎತ್ತರದಲ್ಲಿ ಸುತ್ತುವ ಠಾಣೆ ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಆದರೆ ಅವನ ಠಾಣೆಯಲ್ಲಿ ಮನುಷ್ಯರಿದ್ದರು! ಅವರಿಗೆ ವಾಸದ ಕೊಠಡಿಗಳು, ಸರದಿಯ ಮೇಲೆ ಬದಲಿಸಿ ಕರೆತರಲು ರಾಕೆಟ್ಟುಗಳು. ವಾಲ್ವುಗಳು ಸುಟ್ಟುಹೋಗುತ್ತಲೇ ಇರುತ್ತವೆ, ಬದಲಿಸುವವರು ಬೇಡವೇ ಎಂಬುದು ಆ ಕಾಲದ ವಿವೇಕ. ಎರಡೇ ವರ್ಷಗಳಲ್ಲಿ ಟ್ರಾನ್ಸಿಸ್ಟರು ಹುಟ್ಟಿತು; ರಿಪೇರಿಯವನಿಗೆ ಆಕಾಶದಲ್ಲಿ ಸಿಕ್ಕಬಹುದಾಗಿದ್ದ ಕೆಲಸ ತಪ್ಪಿಹೋಯಿತು. 1956ರಲ್ಲಿ ಕ್ಲಾರ್ಕ್ ಸಿಲೋನಿನಲ್ಲಿಯೇ ಬಂದು ನೆಲೆಸಿದ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ, ಭಾರತ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ಮುಟ್ಟಿಸಿತು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ದೊಡ್ಡ ಬೋಗುಣಿಯೇ ಹಳ್ಳಿಯ ಆಂಟೆನಾ. ಆ ಕಾಲದಲ್ಲಿಯೇ ಕ್ಲಾರ್ಕನ ಕೊಲಂಬೋ ಮನೆಯ ಮೇಲೂ ಭಾರತೀಯ ಎಂಜಿನಿಯರುಗಳು ಒಂದು ಆಂಟೆನಾ ನಿಲ್ಲಿಸಿ ಬಂದರು. ತುರ್ತುಪರಿಸ್ಥಿತಿಯ ವರ್ಷ ಅದು. ತೋರಿಸಬೇಕಾದುದನ್ನು ತೋರಿಸುವವರೇ ನಿರ್ಧರಿಸುತ್ತಿದ್ದರು. ತಿರುಗಿಸಿ ಸಿಲೋನನ್ನು ಹಿಡಿಯಲು ಹಳ್ಳಿಯವನ ಪೆಟ್ಟಿಗೆಯಲ್ಲಿ ಬೇರೆ ಕೇಂದ್ರವಿರಲಿಲ್ಲ. 1976ರ ಜುಲೈ ಮುಗಿಯಿತು, ಉಪಗ್ರಹ ಅಮೆರಿಕದತ್ತ ಸರಿಯಿತು.

ಹವ್ಯಾಸಿಗಳಿಗೂ ಆಕಾಶದಲ್ಲಿ ಒಂದು ಸ್ಥಳ ಸಿಕ್ಕಿತು. 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಹಾರಿದ ಪಿ.ಎಸ್.ಎಲ್.ವಿ. ರಾಕೆಟ್ಟು, ದೊಡ್ಡದೊಂದು ಉಪಗ್ರಹದ ಜೊತೆಗೆ, ‘ಹ್ಯಾಮ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹವನ್ನೂ ಕಕ್ಷೆಗೆ ಬಿಟ್ಟಿತು. ಹವ್ಯಾಸಿ ರೇಡಿಯೋದವರಿಗಾಗಿಯೇ ಇದ್ದ ಅದರ ತೂಕ ನಲವತ್ತು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಅದರ ಒಂದು ಟ್ರಾನ್ಸ್‌ಪಾಂಡರನ್ನು ಮಾಡಿಕೊಟ್ಟವನು ಡಚ್ ವಿದ್ಯಾರ್ಥಿಯೊಬ್ಬ. ಅದು ತಲೆಯ ಮೇಲೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ, ಕೈಯಲ್ಲೇ ಕಟ್ಟಿದ ಆಂಟೆನಾ ಹಿಡಿದು ಮಹಡಿಯೇರಿ ನಿಂತವರು ದೂರದೂರದ ಊರುಗಳವರೊಡನೆ ಎರಡು ಮಾತಾಡಿ ಇಳಿಯುತ್ತಿದ್ದರು. ಅದಕ್ಕೆ ಬೆಲೆಯೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಒಂಬತ್ತು ವರ್ಷ ಹೀಗೆ ದುಡಿದು 2014ರಲ್ಲಿ ಅದು ಮೌನವಾಯಿತು. ಕಾರಣ ಮನೆಮನೆಗೂ ತಿಳಿದಿರುವಂಥದೇ, ಬ್ಯಾಟರಿ ಸತ್ತಿತ್ತು. ಬದಲಿಸಲು ಮೇಲೆ ಯಾರೂ ಇರಲಿಲ್ಲ.