ಉಪ್ಪು ಹಾಕಿದ ತೆಳಿ

ಪರ್ಕಳದವರಿಗೆ ಮಣಿಪಾಲದ ಆಸ್ಪತ್ರೆ ಕೂಗಳತೆಯಲ್ಲಿದೆ. ಆದರೂ ಹೊಟ್ಟೆ ಕೆಟ್ಟರೆ ನಮ್ಮ ಮನೆಯಲ್ಲಿ ಮೊದಲು ಬರುತ್ತಿದ್ದದ್ದು ಗಂಜಿಯ ಮಾತು. ಅಜ್ಜಿ ಕುಚ್ಚಲಕ್ಕಿಯನ್ನು ಮಾಮೂಲಿಗಿಂತ ಹೆಚ್ಚು ಬೇಯಿಸಿ, ಅಗುಳನ್ನು ಸೌಟಿನ ಹಿಂಬದಿಯಿಂದ ಒತ್ತಿ, ಮೇಲೆ ನಿಂತ ತೆಳಿಯನ್ನು ಲೋಟಕ್ಕೆ ಬಗ್ಗಿಸಿ, ಕಲ್ಲುಪ್ಪು ಹಾಕಿ ಕದಡುತ್ತಿದ್ದರು. "ಗಟಗಟ ಕುಡಿಯಬೇಡ ಮಗಾ, ಗುಟುಕು ಗುಟುಕು" ಎನ್ನುತ್ತಿದ್ದರು. ಪಕ್ಕದ ಮನೆಯ ಹಿರಿಯರೊಬ್ಬರದು ಬೇರೆಯೇ ಮತ. ನೀರು ಕೊಟ್ಟಷ್ಟೂ ಹೋಗುತ್ತದೆ, ಬಾಯಿ ಕಟ್ಟಬೇಕು. ವಾದ ಬೇಲಿಯ ಆಚೀಚೆ ನಡೆಯುತ್ತಿತ್ತು. ಗೆಲ್ಲುತ್ತಿದ್ದದ್ದು ಅಜ್ಜಿ. ಅವರ ಬಳಿ ಪುರಾವೆ ಇರಲಿಲ್ಲ, ದೊಡ್ಡ ಗಂಟಲಿತ್ತು.

ಪುರಾವೆ ಕಲ್ಕತ್ತೆಯಲ್ಲಿ ಸಿದ್ಧವಾಗುತ್ತಿತ್ತು. ಟಿ.ಎಂ.ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದ 1953ರಲ್ಲೇ, ಶಂಭುನಾಥ ಡೇ ಎಂಬ ವೈದ್ಯರು ಕಲ್ಕತ್ತೆಯಲ್ಲಿ ಮೊಲದ ಸಣ್ಣಕರುಳಿನ ಒಂದಷ್ಟು ಭಾಗವನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವೆ ಕಾಲರಾ ರೋಗಾಣು ಬಿಟ್ಟು ನೋಡಿದ್ದನ್ನು ಪ್ರಕಟಿಸಿದರು. ಮರುದಿನಕ್ಕೆ ಕಟ್ಟಿದ ಭಾಗ ನೀರು ತುಂಬಿ ಉಬ್ಬಿರುತ್ತಿತ್ತು. 1959ರಲ್ಲಿ ಇನ್ನೊಂದು ಹೆಜ್ಜೆ: ರೋಗಾಣುಗಳನ್ನೆಲ್ಲ ಸೋಸಿ ತೆಗೆದು ಅವು ಬೆಳೆದ ದ್ರವವನ್ನಷ್ಟೇ ಬಿಟ್ಟರು. ಆಗಲೂ ಉಬ್ಬಿತು. 1884ರಲ್ಲಿ ಅದೇ ಊರಿನಲ್ಲಿ ರೋಗಾಣುವನ್ನು ಗುರುತಿಸಿದ ರಾಬರ್ಟ್ ಕಾಖ್ ಊಹಿಸಿದ್ದ ವಿಷ ಕೊನೆಗೂ ಕೈಗೆ ಸಿಕ್ಕಿತ್ತು.

ಈ ವಿಷದ ಕೆಲಸ ವಿಚಿತ್ರ. ಅದು ಕರುಳಿನ ಜೀವಕೋಶವನ್ನು ಕೊಲ್ಲುವುದಿಲ್ಲ, ಕೆಲಸಕ್ಕೆ ಹಚ್ಚುತ್ತದೆ. ಆರು ತುಂಡುಗಳ ಪ್ರೋಟೀನು ಅದು. ಐದು ತುಂಡುಗಳು ಕೋಶದ ಹೊರಪೊರೆಯ ಜಿಎಂ1 ಎಂಬ ಅಣುವಿಗೆ ಅಂಟಿಕೊಳ್ಳುತ್ತವೆ. ಆರನೆಯದು ಒಳಸೇರಿ ಅಲ್ಲಿನ ಜಿ ಪ್ರೋಟೀನನ್ನು ಆರದ ಹಾಗೆ ಮಾಡುತ್ತದೆ, ತೋಟದ ಪಂಪಿನ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಕೊಂಡಂತೆ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ, ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಬೆನ್ನಿಗೆ ಸೋಡಿಯಂ, ನೀರು. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ಹೋಗುವುದುಂಟು, ಬೆಳ್ತಿಗೆ ಅಕ್ಕಿಯ ಅಕ್ಕಚ್ಚಿನ ಬಣ್ಣದಲ್ಲಿ. ಇ. ಕೋಲಿಯ ಒಂದು ಬಗೆಯೂ ಹೆಚ್ಚುಕಡಿಮೆ ಇದೇ ವಿಷ ತಯಾರಿಸುತ್ತದೆ. ಪರಊರಿಗೆ ಹೋಗಿ ಬಂದವರ ಭೇದಿಗೆ ಎಷ್ಟೋ ಸಲ ಅದೇ ಕಾರಣ.

ಆದರೆ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆದುಕೊಳ್ಳುವ ದಾರಿಯನ್ನು ಈ ವಿಷ ಮುಟ್ಟುವುದಿಲ್ಲ. ಅವು ಒಳಗೆ ಹೋದರೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿಯುತ್ತ ಬಂದಾಗ ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಗ್ಲೂಕೋಸು ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆಮೇಲಿನ ಪ್ರಯೋಗಗಳಲ್ಲಿ ಗ್ಲೂಕೋಸಿನ ಬದಲು ಅಕ್ಕಿ ಹಿಟ್ಟನ್ನೂ ಬಳಸಿದರು. ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸಾಗುವುದರಿಂದ ಕಾಲರಾದವರಿಗೆ ಭೇದಿಯೇ ಕಡಿಮೆಯಾಯಿತು. ಬೇಲಿಯ ವಾದದಲ್ಲಿ ಅಜ್ಜಿಯದೇ ಸರಿ. ಅಳತೆಯೊಂದು ಇರಲಿಲ್ಲ ಅಷ್ಟೆ.

ಮಹಲನಬೀಸ್ ಅವರಿಗೆ ತೀರಿಕೊಂಡ ಮೇಲೆ, 2023ರಲ್ಲಿ, ಪದ್ಮವಿಭೂಷಣ ಬಂತು. ಡೇ ಅವರ ಹೆಸರನ್ನು ವಿಜ್ಞಾನಿ ಜೋಶುವಾ ಲೆಡರ್‌ಬರ್ಗ್ ನೊಬೆಲಿಗೆ ಸೂಚಿಸಿದ್ದರೂ ಸಿಗಲಿಲ್ಲ, 1985ರಲ್ಲಿ ಹೋಗಿಬಿಟ್ಟರು. ನಮ್ಮ ಶಾಲೆಯ ಪಾಠಗಳಲ್ಲೂ ಆ ಹೆಸರು ಕಂಡ ನೆನಪು ನನಗಿಲ್ಲ. ಇದು ಅನ್ಯಾಯ.

ಈಗ ಪರ್ಕಳ ಪೇಟೆಯ ಮೆಡಿಕಲ್ಲಿನಲ್ಲಿ ಆ ಉಪ್ಪು, ಗ್ಲೂಕೋಸಿನ ಪುಡಿ ಓಆರ್‌ಎಸ್ ಎಂಬ ಹೆಸರಲ್ಲಿ ಸಲೀಸಾಗಿ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ, ಅದಕ್ಕೆ ಕುದಿಸಿ ಆರಿಸಿದ ನೀರು ಒಂದು ಲೀಟರು. ರುಚಿಯಾಗಲೆಂದು ಒಂದು ಲೋಟಕ್ಕೇ ಇಡೀ ಪೊಟ್ಟಣ ಸುರಿಯುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಗಟ್ಟಿಯಾದರೆ ಅದು ಮೈಯ ನೀರನ್ನೇ ಕರುಳಿಗೆ ಎಳೆಯುತ್ತದೆ. ಮಗುವಿನ ಕಣ್ಣು ಗುಳಿಬಿದ್ದು ಉಚ್ಚೆ ನಿಂತರೆ ಮಾತ್ರ ತೆಳಿ, ಪೊಟ್ಟಣ ಎಂದು ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.