ಇಳುಕಲಿನ ಊರಿಗೊಂದು ಬ್ರೇಕು

ನಮ್ಮ ಅಜ್ಜ ಎತ್ತಿನಗಾಡಿ ಮಾಡುತ್ತಿದ್ದರು, ಅಪ್ಪಯ್ಯ ಸೈಕಲ್ಲು, ಪಂಪ್‌ಸೆಟ್ಟು ರಿಪೇರಿ ಮಾಡಿದರು, ನಾನು ವೆಲ್ಡಿಂಗ್ ಹಿಡಿದೆ. ಮಲೆನಾಡಿನ ಕೊಪ್ಪದಲ್ಲಿ ಮೂರು ತಲೆಮಾರಿಗೂ ಅದೇ ಒಂದು ಶೆಡ್ಡು. ತಿದಿ ಇದ್ದ ಮೂಲೆಯಲ್ಲಿ ಈಗ ಕಂಪ್ರೆಸರ್ ಕೂತಿದೆ. ಅಡಿಗಲ್ಲು ಮಾತ್ರ ಅಜ್ಜ ಹೂತಲ್ಲೇ ಇದೆ. ಕಿತ್ತು ಬೇರೆ ಕಡೆ ಇಡುವಷ್ಟು ಸೊಂಟ ಮನೆಯಲ್ಲಿ ಯಾರಿಗೂ ಗಟ್ಟಿಯಿಲ್ಲ.

ಅಜ್ಜನಿಗೆ ಚಕ್ರ ಉರುಳಿಸುವುದಕ್ಕಿಂತ ನಿಲ್ಲಿಸುವುದರ ಚಿಂತೆ ಜಾಸ್ತಿ. ಬಯಲುಸೀಮೆಯಲ್ಲಾದರೆ ಎತ್ತು ನಿಂತರೆ ಗಾಡಿ ನಿಂತಿತು. ನಮ್ಮಲ್ಲಿ ಹಾಗಲ್ಲ. ಇಳುಕಲಿನಲ್ಲಿ ಅಡಿಕೆ ಮೂಟೆಯ ಭಾರವೆಲ್ಲ ನೊಗದ ಮೇಲೆ ಬಂದು ಎತ್ತಿನ ಕುತ್ತಿಗೆ ಮುರಿಯುತ್ತದೆ. ಅದಕ್ಕೆ ಗಾಡಿಯ ಹಿಂದೆ ಅಡ್ಡಲಾಗಿ ಒಂದು ಮರದ ತೊಲೆ, ಅದನ್ನು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತಿ ಹಿಡಿಯಲು ಹಗ್ಗ. ಅಜ್ಜ ಅದನ್ನು ‘ಬಿರೇಕು’ ಅನ್ನುತ್ತಿದ್ದರು. ಅವರು ಹುಡುಗರಾಗಿದ್ದಾಗ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಸಣ್ಣ ರೈಲು ಓಡುತ್ತಿತ್ತಂತೆ. ನೋಡಲು ಹೋದವರು ಇಂಜಿನ್ನು ಹೇಗಿತ್ತು ಅಂತ ಒಂದು ದಿನವೂ ಹೇಳಲಿಲ್ಲ, ಬ್ರೇಕು ತಿರುಗಿಸುವವನ ಕೈ ಹೇಗಿತ್ತು ಅಂತ ಮಾತ್ರ ಹೇಳುತ್ತಿದ್ದರು.

ಗಾಡಿ ಹೋಯಿತು, ಜೀಪು ಬಂತು. ಬ್ರೇಕಿನ ವಿಚಾರ ನಮ್ಮ ಮನೆಯಿಂದಲೂ ಹೋಯಿತು ಅಂದುಕೊಂಡಿದ್ದೆ.

ಒಂದು ಮಳೆಗಾಲದ ಕೊನೆಗೆ, ಜೀಪಿನ ಟಾಪಿನ ಮೇಲೆ ಕಟ್ಟಿಕೊಂಡು ಒಂದು ಗಾಲಿಕುರ್ಚಿ ನಮ್ಮ ಅಂಗಡಿಗೆ ಬಂತು. ಅದರಲ್ಲಿ ಕೂರುವವರು ಜೀಪಿನೊಳಗಿದ್ದರು. ನನಗೆ ಪರಿಚಯದವರೇ. ಕೊನೆಗೌಡ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಿನವರಿಗೆ ಹೇಳುವುದಾದರೆ, ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವವರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ ಸಾಹೇಬರು ನೂರು ವರ್ಷದ ಹಿಂದೆ ಮಲೆನಾಡಿನ ಅಡಿಕೆಗೆ ಒಗ್ಗಿಸಿಕೊಟ್ಟರು. ತೋಟ ಉಳಿಯಿತು. ಆದರೆ ಆ ಔಷಧಿ ಕೊನೆಯ ತನಕ ಹೋಗಬೇಕಾದರೆ ಪಾಚಿ ಹಿಡಿದ ಮರವನ್ನು ಯಾರಾದರೂ ಹತ್ತಬೇಕಲ್ಲ. ಇವರು ಹತ್ತಿದ್ದರು. ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು.

ಕುರ್ಚಿ ಯಾವುದೋ ಶಿಬಿರದಲ್ಲಿ ಸಿಕ್ಕಿದ್ದು. ಹೊಸದೇ. “ಆಚಾರ್ರೆ, ನಿಂತಿದೆ ಅಂತ ನಂಬಿ ಕೈ ಬಿಟ್ರೆ ಇದು ಹೊರಡ್ತದೆ ನೋಡಿ” ಅಂದರು. ಬ್ರೇಕು ಹಾಕಿ ಹಿಂದಿನಿಂದ ತಳ್ಳಿದೆ. ಚಕ್ರ ಸಲೀಸಾಗಿ ತಿರುಗಿತು. ತೆಳು ತಗಡಿನ ಪಟ್ಟಿ, ಅದರ ತುದಿಗೆ ಬೆರಳುದ್ದದ ಒಂದು ಸರಳು; ಹಿಡಿ ಒತ್ತಿದರೆ ಆ ಸರಳು ಟೈರನ್ನು ಅದುಮಬೇಕು. ಟೈರಿನಲ್ಲಿ ಗಾಳಿ ಕಮ್ಮಿಯಾಗಿತ್ತು, ಸರಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಇಷ್ಟೇನಾ ಅಂತ ಗಾಳಿ ಹೊಡೆದು ಕಳಿಸಿದೆ.

ನಾಲ್ಕೇ ದಿನಕ್ಕೆ ಹೇಳಿಕಳಿಸಿದರು. ಈ ಸಲ ನಾನೇ ಅವರ ಮನೆಗೆ ಹೋದೆ. ಹೋಗಿದ್ದು ಒಳ್ಳೆಯದಾಯಿತು. ಮಲೆನಾಡಿನ ಅಂಗಳ ನೋಡಲು ಸಪಾಟು, ಆದರೆ ಮಳೆನೀರು ಹರಿದು ಹೋಗಲಿ ಅಂತ ವಾಟ ಕೊಟ್ಟಿರುತ್ತಾರೆ. ಕಾಲಿರುವವನಿಗೆ ಆ ವಾಟ ಗೊತ್ತೇ ಆಗುವುದಿಲ್ಲ, ಗಾಲಿಗೆ ಗೊತ್ತಾಗುತ್ತದೆ. ಜಗಲಿಯಿಂದ ಅಂಗಳಕ್ಕೆ ಇಳಿಸಿದ ಹಲಗೆಯಂತೂ ನಾಲ್ಕಡಿಗೆ ಒಂದಡಿ ಇಳಿಜಾರು. ಕುರ್ಚಿ, ಮನುಷ್ಯ ಸೇರಿ 90 ಕಿಲೋ ಅಂತಿಟ್ಟುಕೊಂಡರೆ ಅಂಥ ಇಳಿಜಾರಿನಲ್ಲಿ ಸುಮಾರು 22 ಕಿಲೋ ಭಾರ ಕೆಳಕ್ಕೆ ಎಳೆಯುತ್ತದೆ. ಆಸ್ಪತ್ರೆಯ ಟೈಲ್ಸ್ ನೆಲಕ್ಕೆಂದು ಮಾಡಿದ ತಗಡು ಅದನ್ನು ಹಿಡಿಯಬೇಕು, ಅದೂ ಟೈರು ಒದ್ದೆಯಾಗಿದ್ದಾಗ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಟೈರು ಒಣಗಿರುವುದು ಯಾವಾಗ?

ಆದರೆ ಅವರ ತೊಂದರೆ ಇಳಿಜಾರಿನದ್ದಾಗಿರಲಿಲ್ಲ. ಇಳಿಯುವಾಗ ಕೈ ಇದೆ. ಮರ ಹತ್ತಿ ಹುರಿಗೊಂಡ ಕೈ, ಅಂಗೈ ಸುಟ್ಟರೂ ತಡೆಯುತ್ತಾರೆ. ಕಷ್ಟ ಇದ್ದದ್ದು ಕುರ್ಚಿಯಿಂದ ಮಂಚಕ್ಕೆ ಹೋಗುವ ಆ ಒಂದು ಗಳಿಗೆಯಲ್ಲಿ. ಎರಡೂ ಕೈ ಊರಿ ಮೈ ಎತ್ತಿದಾಗ ಕುರ್ಚಿ ನಾಲ್ಕು ಬೆರಳು ಹಿಂದೆ ಸರಿದರೆ ಮನುಷ್ಯ ನೆಲಕ್ಕೆ. ಎರಡು ಸಲ ಹಾಗೆ ಬಿದ್ದಿದ್ದರು. ಆಮೇಲೆ ಯಾರಾದರೂ ಬಂದು ಕುರ್ಚಿ ಹಿಡಿಯಲಿ ಅಂತ ಕಾಯುತ್ತಾ ಕೂರುವುದು ಅಭ್ಯಾಸವಾಗಿತ್ತು. ಗಾಡಿಯನ್ನು ತಡೆಯುವ ಬ್ರೇಕು ಬೇರೆ, ನಿಂತ ಗಾಡಿಯನ್ನು ನಿಂತಲ್ಲೇ ಇಡುವ ಬ್ರೇಕು ಬೇರೆ ಅಂತ ನನಗೆ ತಿಳಿದದ್ದು ಆ ಮಂಚದ ಪಕ್ಕ.

ಮೊದಲು ಮಾಡಿದ್ದು ಶುದ್ಧ ಮೂರ್ಖತನ. ಚಕ್ರದ ಗುಂಬಕ್ಕೆ ತೂತು ಕೊರೆದ ಒಂದು ಬಿಲ್ಲೆ ಬೆಸೆದು, ಫ್ರೇಮಿನಿಂದ ಒಂದು ಕೀಲು ಆ ತೂತಿಗೆ ಹೋಗುವಂತೆ ಮಾಡಿದೆ. ಕೂತರೆ ಆನೆ ತಳ್ಳಿದರೂ ಅಲುಗದು. ಆದರೆ ಕೀಲು ತೂತಿಗೆ ಸರಿಯಾಗಿ ಬರಬೇಕಾದರೆ ಕುರ್ಚಿಯನ್ನು ಎರಡಿಂಚು ಹಿಂದೆ ಮುಂದೆ ಆಡಿಸಬೇಕು. ಅಷ್ಟರಲ್ಲಿ ಮಂಚ ದೂರವಾಗಿರುತ್ತದೆ. ಎರಡನೆಯದು ಹಳೇ ಮೊಪೆಡ್ಡಿನ ಡ್ರಮ್ ಬ್ರೇಕು. ಚೆನ್ನಾಗಿ ಹಿಡಿಯಿತು, ತೂಕ ಮಾತ್ರ ಕುರ್ಚಿಯನ್ನು ಜೀಪಿಗೆ ಎತ್ತುವವರ ಬಾಯಲ್ಲಿ ಬೈಗುಳ ತರಿಸುವಷ್ಟು.

ಮೂರನೆಯದಕ್ಕೆ ದಾರಿ ತೋರಿಸಿದ್ದು ಅವರ ಮನೆಯ ಟಿಫನ್ ಕ್ಯಾರಿಯರ್. ಅದರ ಕ್ಲಿಪ್ಪು ಹಾಕುವಾಗ ಒಂದು ಹಂತದವರೆಗೆ ಬೆರಳಿಗೆ ಬಿಗಿ, ಆ ಗೆರೆ ದಾಟಿದ್ದೇ ಟಕ್ ಅಂತ ತಾನೇ ಕೂರುತ್ತದೆ. ಆಮೇಲೆ ಡಬ್ಬಿ ಎಷ್ಟು ಕುಲುಕಿದರೂ ಬಿಚ್ಚುವುದಿಲ್ಲ. ಕುರ್ಚಿಯ ತಗಡಿನ ಬ್ರೇಕಿನಲ್ಲಿ ಇದ್ದದ್ದೂ ಅದೇ ಉಪಾಯ, ಮಾಡಿದ್ದು ಮಾತ್ರ ಬಡಕಲು. ನಾನು ಐದು ಎಂಎಂ ದಪ್ಪದ ಪಟ್ಟಿ ತಗೊಂಡೆ. ಟೈರಿಗೆ ಒತ್ತುವ ಕಡೆ 12 ಎಂಎಂ ಸರಳು, ಅದರ ಮೈಮೇಲೆ ಚಾಣದಿಂದ ಅಡ್ಡಡ್ಡ ಗಾಯ, ಒದ್ದೆ ರಬ್ಬರಿಗೆ ಹಲ್ಲು ಹಿಡಿಯಲಿ ಅಂತ. ಹಿಡಿ ಒಂದು ಗೇಣು ಉದ್ದ. ಕುರ್ಚಿಯ ಪೈಪಿಗೆ ಒಂದೇ ಬೋಲ್ಟಿನ ಬದಲು ಎರಡು ಕ್ಲಾಂಪು. ಮಡಚುವ ಕುರ್ಚಿಯ ಫ್ರೇಮು ಮೈ ತಿರುಚುತ್ತದೆ, ಒಂದೇ ಬೋಲ್ಟಾದರೆ ಬ್ರೇಕೂ ಅದರ ಜೊತೆ ತಿರುಗಿಕೊಳ್ಳುತ್ತದೆ.

ಅದು ಹಿಡಿಯಿತು. ನಾನು ಬೀಗಿದೆ. ಒಂದು ತಿಂಗಳಾದ ಮೇಲೆ ಹೋದರೆ ಅವರ ತೊಡೆಯ ಹೊರಬದಿಗೆ ಬ್ಯಾಂಡೇಜು. ಕ್ಲಾಂಪಿನ ಬೋಲ್ಟು ನಟ್ಟಿನಿಂದಾಚೆ ಕಾಲಿಂಚು ಹೊರಗೆ ಉಳಿದಿತ್ತು. ಮಂಚಕ್ಕೆ ಹೋಗುವಾಗಲೆಲ್ಲ ಅದು ಚರ್ಮ ಕೆರೆದಿದೆ, ಅಲ್ಲಿ ಸ್ಪರ್ಶವೇ ಇಲ್ಲದ್ದರಿಂದ ಅವರಿಗೆ ಗೊತ್ತಾಗಿಲ್ಲ. ಬೆನ್ನುಹುರಿಗೆ ಪೆಟ್ಟಾದವರಿಗೆ ಹುಣ್ಣು ಅಂದರೆ ತಿಂಗಳುಗಟ್ಟಲೆ ಮಲಗುವುದು ಅಂತ ಅವರ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ಹೇಳಿದಳು. ಬೈಯಲಿಲ್ಲ, ಹೇಳಿದಳು. ನಾನು ಮಾಡಿದ ಕೆಲಸದಿಂದ ಇನ್ನೊಬ್ಬರ ಮೈಗೆ ಗಾಯವಾಗಿದ್ದು ಅದೇ ಮೊದಲು. ಅಂದಿನಿಂದ ಬೋಲ್ಟಿನ ತುದಿ ಕೊಯ್ದು, ಅರ ಹಾಕಿ, ಡೂಮು ನಟ್ಟು ಕೂರಿಸಿ, ನನ್ನ ತೊಡೆಗೇ ಉಜ್ಜಿ ನೋಡದೆ ಯಾವ ಬ್ರೇಕನ್ನೂ ಕೊಟ್ಟಿಲ್ಲ. ಹಿಡಿಯನ್ನೂ ಬದಲಿಸಿದೆ. ಕೆಳಗೆ ಮೋಟು, ಅದರ ಮೇಲೆ ಪೈಪಿನ ತುಂಡು. ಬ್ರೇಕು ಹಾಕಿದ ಮೇಲೆ ಪೈಪು ಎಳೆದು ತೆಗೆದರೆ ಮಂಚಕ್ಕೆ ಹೋಗುವ ದಾರಿ ಖಾಲಿ. ಪೈಪಿನ ಉಪಾಯ ನನ್ನದಲ್ಲ, ಕೊನೆಗೌಡರದ್ದು. ದೋಟಿಗೆ ದೋಟಿ ಜೋಡಿಸಿ ಗೊತ್ತಿದ್ದವರು.

ಆ ಹುಡುಗಿಯೇ ಒಂದು ಪುಸ್ತಕದ ಜೆರಾಕ್ಸ್ ಹಾಳೆ ತಂದುಕೊಟ್ಟಳು. ಅದರಲ್ಲಿ ಒಬ್ಬರ ವಿಚಾರವಿತ್ತು. ರಾಲ್ಫ್ ಹಾಚ್‌ಕಿಸ್ ಅನ್ನುವ ಅಮೆರಿಕದ ಇಂಜಿನಿಯರ್, ಕಾಲೇಜಿನಲ್ಲಿದ್ದಾಗ 1966ರಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ತಾನೇ ಗಾಲಿಕುರ್ಚಿ ಹಿಡಿದವರು. 1980ರಿಂದ ನಿಕರಾಗುವಾದಂಥ ಬಡ ದೇಶಗಳಿಗೆ ಹೋಗಿ, ಅಲ್ಲಿನ ಸಣ್ಣ ವರ್ಕ್‌ಶಾಪುಗಳಲ್ಲಿ, ಅಲ್ಲೇ ಸಿಗುವ ಪೈಪು, ಸೈಕಲ್ ಸಾಮಾನಿನಲ್ಲಿ ಕುರ್ಚಿ ಮಾಡುವುದನ್ನು ಕಲಿಸಿದರು, ತಾವೂ ಕಲಿತರು. ಅದಕ್ಕೂ ಮುಂಚೆ 1933ರಲ್ಲಿ ಮಡಚುವ ಕುರ್ಚಿ ತಂದ ಎವರೆಸ್ಟ್, ಜೆನಿಂಗ್ಸ್ ಜೋಡಿಯಲ್ಲಿ ಎವರೆಸ್ಟ್ ಕೂಡ ಗಣಿಯಲ್ಲಿ ಬೆನ್ನು ಮುರಿದುಕೊಂಡವರೇ. ಹಾಳೆಯ ಇಂಗ್ಲಿಷು ನನಗೆ ಅರ್ಧ ಅರ್ಥವಾಗಲಿಲ್ಲ. ಚಿತ್ರ ಪೂರ್ತಿ ಅರ್ಥವಾಯಿತು.

ಬಾಯಿಂದ ಬಾಯಿಗೆ ಸುದ್ದಿ ಹೋಗಿ ನರಸಿಂಹರಾಜಪುರದ ಕಡೆಯಿಂದ ಒಬ್ಬರು ಬಂದರು. ರಬ್ಬರ್ ತೋಟದವರು, ಹಿರಿಯರು ಕೇರಳದಿಂದ ಬಂದು ನೆಲೆಸಿದ ಮನೆ. ಪೆಟ್ಟು ಕುತ್ತಿಗೆಗೆ ಆದದ್ದರಿಂದ ಬೆರಳು ಮಡಚುತ್ತಿರಲಿಲ್ಲ. ನನ್ನ ಹೆಮ್ಮೆಯ ಬ್ರೇಕನ್ನು ಮುಂದಕ್ಕೆ ತಳ್ಳಿ ಹಾಕಬೇಕು. ಅವರು ತಳ್ಳಲು ಹೋದರೆ ಮೊಣಕೈ ಕುಸಿಯುತ್ತಿತ್ತು. ಅಂಥವರಿಗೆ ಕೈ ಮಡಚುವ ಸ್ನಾಯು ಇರುತ್ತದೆ, ನೀಡುವ ಸ್ನಾಯುವಿನಲ್ಲಿ ಬಲ ಇರುವುದಿಲ್ಲ. “ಎಳೀಲಿಕ್ಕೆ ಆಗ್ತದೆ ಮಾರಾಯ್ರೆ, ನೂಕ್ಲಿಕ್ಕೆ ಮಾತ್ರ ಆಗಲ್ಲ” ಅಂದರು. ಹಾಗಾದರೆ ತಿರುಗಿಸಿಬಿಡೋಣ ಅಂತ ಎಳೆದರೆ ಬೀಳುವ ಹಾಗೆ ಪೂರ್ತಿ ಉಲ್ಟಾ ಮಾಡಿದೆ. ಹಿಡಿಯ ತುದಿಯ ಗುಂಡು ತೆಗೆದು, ಮಣಿಕಟ್ಟು ಸಿಕ್ಕಿಸುವ ಕೊಕ್ಕೆ ಇಟ್ಟೆ, ರಬ್ಬರ್ ಸುತ್ತಿದೆ. ಬಿಡಿಸುವಾಗ ಹೆಗಲಿನ ಭಾರ ಹಾಕಿದರೆ ಸಾಕು. ಮೊದಲ ಸಲ ಟಕ್ ಅಂದಾಗ ಅವರು ನಗಲಿಲ್ಲ, ಮತ್ತೆ ಬಿಡಿಸಿ ಮತ್ತೆ ಹಾಕಿದರು. ಒಂದು ಹತ್ತು ಸಲ ಹಾಗೇ ಮಾಡಿದರು.

ಶೃಂಗೇರಿಯದ್ದು ಸಣ್ಣ ಕೆಲಸ, ಆದರೆ ಮಾತು ದೊಡ್ಡದು. ತುಂಗೆಯ ಕಡೆಗಿಳಿಯುವ ಓಣಿಯಲ್ಲಿ ಮನೆ, ಎಂಬತ್ತು ದಾಟಿದ ಅಜ್ಜಿ, ತಳ್ಳುವುದು ಸೊಸೆ. ಇಲ್ಲಿ ಬ್ರೇಕು ಇರಬೇಕಾದ್ದು ಕೂತವರ ಕೈಯಲ್ಲಲ್ಲ, ಹಿಂದಿನವರ ಕೈಯಲ್ಲಿ. ಸೈಕಲ್ಲಿನ ಬ್ರೇಕು ಹಿಡಿ, ವೈರು ತಂದು ಎರಡೂ ಕಡೆ ಒಂದೊಂದು ಹಾಕಲು ಹೊರಟಿದ್ದೆ. ಅಜ್ಜಿ ಸುಮ್ಮನೆ ನೋಡುತ್ತಿದ್ದವರು, “ಅಲ್ಲಪ್ಪ, ತೇರಿಗೆ ಬೆಣೆ ಕೊಡೋರು ಎರಡೂ ಗಾಲಿಗೆ ಒಟ್ಟಿಗೇ ಕೊಡ್ತಾರಲ್ಲ? ಒಂದಕ್ಕೇ ಕೊಟ್ರೆ ತೇರು ತಿರುಗಿ ಜನದ ಮೇಲೆ ಹೋಗ್ತದೆ” ಅಂದರು. ಸರಿಯಾದ ಮಾತು. ಒಂದೇ ಹಿಡಿಯಿಂದ ಎರಡು ವೈರು ಒಟ್ಟಿಗೆ ಎಳೆಯುವ ಹಾಗೆ ಮಾಡಿದೆ. ಆ ವೈರನ್ನು ವರ್ಷಕ್ಕೊಂದು ಸಲ ಬದಲಿಸಬೇಕು, ಅಲ್ಲಿನ ಮಳೆಗೆ ಗ್ರೀಸು ನಿಲ್ಲುವುದಿಲ್ಲ.

ಈಗ ಬರುವವರೇ ಬೇರೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ಮರ ಹತ್ತುವವರು ಕಮ್ಮಿಯಾದರು. ನನ್ನ ಅಂಗಡಿಗೆ ಈಗ ಬರುವುದು ಬೈಕಿನಿಂದ ಬಿದ್ದ ಹುಡುಗರು, ಲಕ್ವ ಹೊಡೆದ ಹಿರಿಯರು. ಗಾಳಿ ಬೇಡದ ಗಟ್ಟಿ ಟೈರಿನ ಕುರ್ಚಿಗಳು ಬಂದಿವೆ. ಅಂಗವಿಕಲರ ಹಕ್ಕುಗಳಿಗೆಂದು 2016ರ ಕಾಯ್ದೆ ಆದ ಮೇಲೆ ಕಚೇರಿಗಳ ಮುಂದೆ ರ‍್ಯಾಂಪೂ ಬಂದಿದೆ, ಅದರ ಬಗ್ಗೆ ಮಾತಾಡದಿರುವುದೇ ಮೇಲು. ಹನ್ನೆರಡಡಿಗೆ ಒಂದಡಿ ಏರಬೇಕು ಅನ್ನುವುದು ಲೆಕ್ಕ. ಆರಾರು ಇಂಚಿನ ಮೂರು ಮೆಟ್ಟಿಲಿಗೆ ಹದಿನೆಂಟಡಿ ಉದ್ದ ಬೇಕಾಗುತ್ತದೆ. ನಾನು ನೋಡಿದ ಒಂದು ಕಡೆ ಆರಡಿಯಲ್ಲಿ ಮುಗಿಸಿ, ಮೇಲೆ ಪಾಲಿಶ್ ಮಾಡಿದ ಗ್ರಾನೈಟ್ ಹಾಸಿದ್ದರು. ಅದಕ್ಕೆ ಹೊಂದುವ ಬ್ರೇಕು ನನ್ನ ಕೈಲಿ ಆಗುವುದಿಲ್ಲ.

ಕೊನೆಗೌಡರ ಮನೆಗೆ ಈಗಲೂ ಮೇ ತಿಂಗಳ ಕೊನೆಗೆ ಒಮ್ಮೆ ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಗಾಲಿಕುರ್ಚಿ ಇದ್ದರೆ ಮಳೆ ಹಿಡಿಯುವ ಮುಂಚೆ ಇಷ್ಟು ಮಾಡಿ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ತಗ್ಗು ಬಿದ್ದರೆ ಗಾಳಿ ಹೊಡೆಸಿ. ಖಾಲಿ ಕುರ್ಚಿಗೆ ಎರಡೂ ಬ್ರೇಕು ಹಾಕಿ, ಟೈರಿಗೆ ನೀರು ಹೊಯ್ದು, ಹಿಂದಿನಿಂದ ಜೋರಾಗಿ ತಳ್ಳಿ. ಚಕ್ರ ತಿರುಗಿದರೆ ಹತ್ತಿರದ ಸೈಕಲ್ ಅಂಗಡಿಗೋ ವೆಲ್ಡಿಂಗ್ ಅಂಗಡಿಗೋ ಹೋಗಿ, ಕುರ್ಚಿಯ ಜೊತೆ ಅದರಲ್ಲಿ ಕೂರುವವರನ್ನೂ ಕರೆದುಕೊಂಡು ಹೋಗಿ.