ಮಾತು ಬಾರದ ಕೂಸಿಗೂ ಲಿಂಗವುಂಟು



ಮಠಕ್ಕೆ ಮಕ್ಕಳನ್ನು ಕರೆತರುವ ತಂದೆತಾಯಿಗಳಲ್ಲಿ ಕೆಲವರು ಎಲ್ಲರೂ ತೆರಳುವವರೆಗೆ ಕಾದಿದ್ದು, ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು: “ಬುದ್ಧೀ, ಇದು ಯಾವ ಜನ್ಮದ ಕರ್ಮ?” ಅವರ ಮಗುವು ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬೇಕಾದುದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಆಟದ ಬಂಡಿಯ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕುಳಿತಿರುತ್ತದೆ. ಮನೆಯ ಹಿರಿಯರು ತಾಯಿಯನ್ನು ದೂರುತ್ತಾರೆ. ಆಕೆ ಮರುಮಾತಾಡದೆ ಕಣ್ಣೀರಿಡುತ್ತಾಳೆ.

ಈ ದೂರು ನಮ್ಮ ನಾಡಿನದು ಮಾತ್ರವಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ನಡೆನುಡಿಗಳನ್ನು ವಿವರಿಸಿ, ಇಂದು ಆಟಿಸಂ ಅಥವಾ ಸ್ವಲೀನತೆ ಎನ್ನುವ ಸ್ಥಿತಿಯನ್ನು ಲೋಕದ ಗಮನಕ್ಕೆ ತಂದರು. ಆ ಬಳಿಕ ಬಹುಕಾಲ, ತಾಯಿಯ ಮನಸ್ಸು ತಣ್ಣಗಿರುವುದೇ ಇದಕ್ಕೆ ಕಾರಣವೆಂದು ವಿದ್ವಾಂಸರೇ ಹೇಳುತ್ತ ಬಂದರು. ಇಂಥ ಮಗನೊಬ್ಬನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಗ್ರಂಥವೊಂದನ್ನು ರಚಿಸಿ ಆ ವಾದವನ್ನು ಖಂಡಿಸಿದರು. ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆಯೇ ಇದರ ಮೂಲ, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂಬುದು ಈಗ ಸ್ಥಿರಪಟ್ಟಿದೆ. ಲಸಿಕೆಯಿಂದ ಇದು ಬರುತ್ತದೆಂದು 1998ರಲ್ಲಿ ಶಂಕೆ ಹುಟ್ಟಿಸಿದ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದುದರಿಂದ ತಾಯಿಯನ್ನಾಗಲಿ ಲಸಿಕೆಯನ್ನಾಗಲಿ ದೂಷಿಸುವುದು ಸಲ್ಲದು.

ಅವಧಾನದ ಕೊರತೆಯ ಮಕ್ಕಳು ಇನ್ನೊಂದು ಬಗೆಯವರು. ಕುಳಿತಲ್ಲಿ ಕೂರರು, ಕೈಗೆತ್ತಿಕೊಂಡುದನ್ನು ಮುಗಿಸರು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿಬಿಡುತ್ತಾರೆ. ಮನೆ ಶಾಲೆಗಳೆರಡರಲ್ಲಿಯೂ ತಿಂಗಳುಗಟ್ಟಲೆ ಇದೇ ನಡೆ ಕಂಡುಬಂದರೆ ಅದನ್ನು ತುಂಟತನವೆಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಬೇಕು. ಹೆಣ್ಣುಮಕ್ಕಳಲ್ಲಿ ಹಲವರು ಸುಮ್ಮನೆ ಕುಳಿತೇ ಮೈಮರೆಯುವುದರಿಂದ ಅವರ ಕಷ್ಟ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಬೆತ್ತದಿಂದ ಅವಧಾನವನ್ನು ಕಲಿಸಲಾಗದು.

ವಿಭೂತಿಯನ್ನು ನಾವು ಕೊಡುತ್ತೇವೆ. ಆದರೆ ಅದನ್ನು ಧರಿಸಿ ವೈದ್ಯರಲ್ಲಿಗೆ ಹೋಗಿರಿ ಎಂದೂ ಹೇಳುತ್ತೇವೆ. ಒಂದು ವರ್ಷ ತುಂಬಿದ ಮಗು ಹೆಸರಿಗೆ ಓಗೊಡದಿದ್ದರೆ, ಕಲಿತ ಮಾತನ್ನು ಕಳೆದುಕೊಂಡರೆ, “ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತು” ಎಂದು ಕಾಯಬಾರದು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಡಿನಲ್ಲಿಯೇ ಇವೆ. ಸ್ವಲೀನತೆಯನ್ನು ಗುಣಪಡಿಸುವ ಔಷಧಿಯಿಲ್ಲ. ಹಾಗೆಂದು ಹಣ ಕೇಳುವವರನ್ನು ನಂಬಬೇಡಿರಿ. ಆದರೆ ಎಳವೆಯಲ್ಲಿಯೇ ತೊಡಗಿದ ಶಿಕ್ಷಣದಿಂದ ಎಷ್ಟೋ ಮಕ್ಕಳು ಮಾತನ್ನೋ, ಚಿತ್ರ ತೋರಿಸಿ ಕೇಳುವುದನ್ನೋ ಕಲಿಯುತ್ತಾರೆ. ಅವಧಾನದ ಕೊರತೆಗಾದರೋ, ವೈದ್ಯರು ಅಗತ್ಯ ಕಂಡಲ್ಲಿ ಕೊಡುವ ಔಷಧಿಯೂ ನೆರವಾಗುತ್ತದೆ. ಸ್ವಲೀನತೆಯನ್ನು ಒಳಗೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕೆನ್ನುತ್ತದೆ. ಮಠಗಳ ಶಾಲೆಗಳೂ ಇದಕ್ಕೆ ಹೊರತಲ್ಲ. ಅಲ್ಲಿ ಉಪಾಧ್ಯಾಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಮನಗಾಣಬೇಕು.

“ಮಾತೇ ಬಾರದವನಿಗೆ ದೀಕ್ಷೆ ಹೇಗೆ?” ಎಂದು ಕೇಳುವವರಿದ್ದಾರೆ. ಯೋಚಿಸಿರಿ. ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುವಿಗೆ ಲಿಂಗಧಾರಣ ಮಾಡಿಸುವುದು ನಮ್ಮ ಪದ್ಧತಿ. ಆಗ ಆ ಕೂಸು ಮಾತನಾಡಿತ್ತೆ? ಮಂತ್ರ ಹೇಳಿತ್ತೆ? ಅಂದು ಕೇಳದ ಅರ್ಹತೆಯನ್ನು ಎಂಟನೆಯ ವರ್ಷದಲ್ಲಿ ಕೇಳುವುದು ಯಾವ ನ್ಯಾಯ? ಜನಜಂಗುಳಿ, ಜಾಗಟೆಯ ಸದ್ದು ಆ ಮಗುವಿಗೆ ಹಿಂಸೆಯಾದರೆ ನಸುಕಿನಲ್ಲಿ, ನಾಲ್ಕೇ ಜನರ ಮುಂದೆ ದೀಕ್ಷೆ ನೆರವೇರಿಸಬಹುದು. ದಾಸೋಹದ ಪಂಕ್ತಿಯಲ್ಲಿ ಅವನು ಕಿರುಚಿದರೆ ತಾಯಿಯತ್ತ ತಿರುಗಿ ನೋಡದೆ ನಿಮ್ಮ ಪ್ರಸಾದವನ್ನು ಸ್ವೀಕರಿಸಿರಿ. ಆಕೆಗೆ ಅಷ್ಟೇ ದೊಡ್ಡ ಉಪಕಾರ.

ಇಂಥ ಮಕ್ಕಳನ್ನು ಮನೆಯೊಳಗೆ ಬಚ್ಚಿಡದೆ ಮುಂದಿನ ಜಾತ್ರೆಗೆ, ಅದು ಗದ್ದಲವೆನಿಸಿದರೆ ಬಿಡುವಿನ ದಿನವೊಂದರಲ್ಲಿ, ಮಠಕ್ಕೆ ಕರೆತನ್ನಿರಿ. ನಿಮ್ಮೆಲ್ಲರಿಗೂ ಗುರುಕೃಪೆ ಇರಲೆಂದು ಹಾರೈಸುತ್ತೇವೆ.